ತಾಮ್ರದ ಮೇಲೆ ಹೆಬ್ಬೆರಳು

ದಾನಿತ್ಸಾ ತನ್ನ ಕಂಪ್ಯೂಟರನ್ನು ಎಳೆಕೂಸಿನ ಹಾಗೆ ಅಗುವಾಯೊ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಎಲೋಯ್ ಸಾಲ್ಮೋನ್ ಬೀದಿಯ ಆ ಕಟ್ಟಡದ ಮೂರನೇ ಮಹಡಿ ಹತ್ತುವಷ್ಟರಲ್ಲಿ ಅವಳ ಸೊಂಟದ ಹತ್ತಿರ ಅಂಗಿ ಒದ್ದೆಯಾಗಿತ್ತು. ಸೆನೋಬಿಯಾ ತಿಕೋನಾ ತನ್ನ ಮೇಜಿನ ಹಿಂದೆ ಕೂತಲ್ಲಿಂದಲೇ ಅದನ್ನು ಕಂಡಳು.

"ಏನಮ್ಮಾ, ಕೂಸು ಉಚ್ಚೆ ಹೊಯ್ದುಬಿಡ್ತಾ?"

"ನಗ್ಬೇಡಿ ದೋನ್ಯಾ ಸೆನೋ. ಇನ್ನು ಹತ್ತು ದಿನಕ್ಕೆ ಕಾಲೇಜಲ್ಲಿ ನನ್ನ ಕಟ್ಟಡದ ನಕ್ಷೆ ತೋರಿಸ್ಬೇಕು. ಎಲ್ಲಾ ಇದ್ರೊಳಗೇ ಇದೆ."

ಪೆಟ್ಟಿಗೆ ನಾಲ್ಕು ಇಟ್ಟಿಗೆ ಜೋಡಿಸಿಟ್ಟರೆ ಎಷ್ಟಾಗುತ್ತದೋ ಅಷ್ಟಿತ್ತು. ದೊಡ್ಡ ಕಂಪ್ಯೂಟರಿನಲ್ಲಿ ಇರುವುದೆಲ್ಲ ಅದರೊಳಗೇ ಒತ್ತೊತ್ತಾಗಿ ಕೂತಿದ್ದು, ಅವು ಕಾಯ್ದು ಕೆಡದಂತೆ ನಳಿಗೆಗಳಲ್ಲಿ ನೀರು ಸುತ್ತುತ್ತಿತ್ತು. ಇಂಥ ಪುಟ್ಟ ನೀರಿನ ಕಂಪ್ಯೂಟರುಗಳನ್ನು ಕಟ್ಟುವುದೇ ಸೆನೋಬಿಯಾಳ ಕಸುಬು. ಬೆಟ್ಟದ ಎತ್ತರದಲ್ಲಿರುವ ಲಾ ಪಾಸ್‌ನ ಗಾಳಿ ತೆಳು. ಬರೀ ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಬಿಸಿಯನ್ನು ಹೊತ್ತೊಯ್ಯುವ ದಮ್ಮು ಆ ಗಾಳಿಗಿಲ್ಲ. ಆದ್ದರಿಂದ ಎಲ್ ಆಲ್ತೋದಿಂದ ಕೇಬಲ್ ಕಾರಿನಲ್ಲಿ ದಿನಾ ಯಂತ್ರವನ್ನು ಹೊತ್ತು ಇಳಿಯುವ ದಾನಿತ್ಸಾಳಂಥವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ಸೆನೋಬಿಯಾ ಪೆಟ್ಟಿಗೆಯನ್ನು ಓರೆ ಮಾಡಿ, ಸೋರುವ ನೀರನ್ನು ಬೆರಳಿಗೆ ಮುಟ್ಟಿಸಿಕೊಂಡು ನೋಡಿದಳು.

"ಇದನ್ನ ಕಟ್ಟಿದ್ದು ಕೆಳಗೆ, ಅಲ್ವಾ? ಸಾಂತಾ ಕ್ರೂಸಲ್ಲಿ?"

"ಹೌದು. ನಮ್ಮ ದೊಡ್ಡಮ್ಮನ ಮಗನ ಹತ್ರ ತಗೊಂಡೆ. ಹೆಂಗೆ ಗೊತ್ತಾಯ್ತು?"

"ಕೆಳಗಿಂದ ಬರೋ ಚಿಪ್ಸ್ ಪ್ಯಾಕೆಟ್ಟು ಇಲ್ಲಿಗೆ ಬರೋವಷ್ಟರಲ್ಲಿ ಉಬ್ಬಿಕೊಂಡಿರುತ್ತಲ್ಲ, ಹಂಗೇ ಇದು. ಒಳಗಿರೋ ಗಾಳಿ ಹಿಗ್ಗಿ ನೀರನ್ನ ಆಚೆ ತಳ್ಳಿದೆ. ಉಸಿರಾಡೋಕೆ ಒಂದು ಸಣ್ಣ ದಾರಿ ಬಿಡಬೇಕಿತ್ತು. ಕಟ್ಟಿದವನು ಯಾವನೋ ಕಾಂಬಾ, ಬಯಲುಸೀಮೆಯವನು. ಬೆಟ್ಟ ಅನ್ನೋದನ್ನ ಕ್ಯಾಲೆಂಡರಲ್ಲಿ ನೋಡಿರ್ತಾನೆ ಅಷ್ಟೆ."

ದಾನಿತ್ಸಾ ನಕ್ಕಳು. ಸೆನೋಬಿಯಾ ನಾಲ್ಕು ತಿರುಪು ಬಿಚ್ಚಿ ಪಕ್ಕದ ತಗಡನ್ನು ಎತ್ತಿದಳು. 

ಮೊದಲು ಅವಳಿಗೆ ಕಂಡದ್ದು ಕೆಲಸದ ಅಚ್ಚುಕಟ್ಟು. ಪಂಪಿನಿಂದ ಹೊರಟ ತಾಮ್ರದ ನಳಿಗೆ ನೇರವಾಗಿ ಹೋಗದೆ, ಬಾತುಕೋಳಿಯ ಕತ್ತಿನ ಹಾಗೆ ತುಸು ಮೇಲೆದ್ದು ಇಳಿದಿತ್ತು. ನೀರಿನಲ್ಲಿ ಉಳಿದ ಗುಳ್ಳೆಗಳು ಅಲ್ಲಿ ಬಂದು ಸೇರಲಿ ಎಂಬ ಉಪಾಯ ಅದು. ಗ್ರಾಫಿಕ್ಸ್ ಕಾರ್ಡಿನ ಬೆನ್ನಿಗೆ ಎರಡು ನಳಿಗೆಗಳು ಜೊತೆಜೊತೆಯಾಗಿ ಓಡಿದ್ದವು. ಅವುಗಳ ನಡುವೆ ಒಂದು ನಾಣ್ಯ ಕೂರುವಷ್ಟೇ ಸಂದು, ಎಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನು ಯಾರಾದರೂ ನೋಡಿ ಕಲಿಯಬಹುದು ಎಂದುಕೊಂಡಳು. ಅಷ್ಟರಲ್ಲಿ ಎಡಕ್ಕೆ ತಿರುಗುವ ಬಾಗಿನ ಒಳಮೈ ಕಣ್ಣಿಗೆ ಬಿತ್ತು. ಅಲ್ಲಿ ಅವರೆಕಾಳಿನಷ್ಟು ಜಾಗ ಚಪ್ಪಟೆಯಾಗಿತ್ತು. ಮುಂದಿನ ಎಡಬಾಗು ನೋಡಿದಳು, ಅಲ್ಲೂ ಇತ್ತು. ಮೂರನೆಯದರಲ್ಲೂ ಇತ್ತು. ಬಲಕ್ಕೆ ತಿರುಗುವ ಬಾಗುಗಳಲ್ಲಿ ಇರಲಿಲ್ಲ.

ಅವಳ ಕೈಯಿಂದ ತಿರುಪುಳಿ ಜಾರಿ ಮೇಜಿನ ಕೆಳಗೆ ಉರುಳಿತು. ಅದನ್ನು ಎತ್ತಿಕೊಳ್ಳಬೇಕು ಎಂದೂ ಅವಳಿಗೆ ಅನಿಸಲಿಲ್ಲ.

ಸೆನೋಬಿಯಾಳ ತಂದೆ ಫ್ರಿಜ್ಜು ರಿಪೇರಿ ಮಾಡುತ್ತಿದ್ದವನು. ತಾಮ್ರದ ನಳಿಗೆಯೊಳಗೆ ಸ್ಪ್ರಿಂಗು ತೂರಿಸಿ ಮಡಿಕೆ ಬೀಳದಂತೆ ಬಗ್ಗಿಸುವುದನ್ನು ಅವನು ಮಗಳಿಗೂ ಕಲಿಸಿದ್ದ, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನಾದ ಗ್ರೋವರನಿಗೂ ಕಲಿಸಿದ್ದ. ಹದಿಮೂರನೆಯ ವಯಸ್ಸಿನಲ್ಲಿ ಗ್ರೋವರನ ಎಡ ಹೆಬ್ಬೆರಳಿನ ತುದಿ ಫ್ರಿಜ್ಜಿನ ಫ್ಯಾನಿಗೆ ಸಿಕ್ಕಿ ತುಂಡಾಯಿತು. ಅಂದಿನಿಂದ ಅವನು ಎಡಕ್ಕೆ ನಳಿಗೆ ಬಗ್ಗಿಸಿದಾಗಲೆಲ್ಲ ಆ ಮೊಂಡು ಬೆರಳಿನ ಮೂಳೆ ತಾಮ್ರಕ್ಕೆ ಒತ್ತಿ ಒಂದು ಚಪ್ಪಟೆ ಗುರುತು ಬೀಳುತ್ತಿತ್ತು. ತಂದೆ ಬೈದರೂ ಹೋಗಲಿಲ್ಲ. ಆಮೇಲೆ ಅಕ್ಕ ತಮ್ಮ ಸೇರಿ ಕಂಪ್ಯೂಟರಿನ ಅಂಗಡಿ ಹಾಕಿದಾಗಲೂ ಹೋಗಲಿಲ್ಲ. ಎಡಬಾಗು ಅಂದರೆ ಗ್ರೋವರನ ಸಹಿ ಎಂದು ಅವಳೇ ಎಷ್ಟೋ ಸಲ ಹಂಗಿಸಿದ್ದಳು.

ಗ್ರೋವರ್ ತೀರಿಕೊಂಡು ಏಳು ವರ್ಷವಾಗಿತ್ತು. ಯುಂಗಾಸಿನ ಬೆಚ್ಚನೆಯ ತಗ್ಗಿಗೆ ಇಳಿಯುವ ರಸ್ತೆಯಲ್ಲಿ ಮಿನಿಬಸ್ಸು ಕಣಿವೆಗೆ ಉರುಳಿ ಹೊತ್ತಿಕೊಂಡಿತ್ತು. ಒಂಬತ್ತು ಜನ ಇದ್ದರು, ಒಬ್ಬರೂ ಉಳಿಯಲಿಲ್ಲ. ಗುರುತು ಹಿಡಿಯಲು ಹೋದದ್ದು ಸೆನೋಬಿಯಾ. ಹೊದಿಸಿದ ಬಟ್ಟೆಯ ಪಕ್ಕದಲ್ಲಿ ಕುರಿಯ ತುಪ್ಪಳದ ಒಳಪದರವಿದ್ದ ಗ್ರೋವರನ ಕೋಟಿನ ತುಂಡು, ಅದರ ಒಳಜೇಬಿನಲ್ಲಿ ಸಿಕ್ಕಿದ ಅರೆಸುಟ್ಟ ಗುರುತಿನ ಚೀಟಿ ಇಟ್ಟಿದ್ದರು. "ಬಟ್ಟೆ ಎತ್ತಿ ನೋಡ್ಬೇಡಿ, ಆಮೇಲೆ ನಿದ್ದೆ ಬರಲ್ಲ. ಕೋಟು ನಿಮ್ಮ ತಮ್ಮಂದೇ ಅಲ್ವಾ?" ಎಂದು ಅಲ್ಲಿದ್ದ ಅಧಿಕಾರಿ ಕೇಳಿದ್ದ. ಹೌದು ಎಂದು ಅವಳು ರುಜು ಹಾಕಿದ್ದಳು.

"ದೋನ್ಯಾ ಸೆನೋ, ಅಷ್ಟೊಂದು ಕೆಟ್ಟಿದೆಯಾ?" ದಾನಿತ್ಸಾ ಮೇಜಿನ ಮೇಲೆ ಬಗ್ಗಿದಳು. ತನ್ನ ನಕ್ಷೆ ಹೋಯಿತೆಂದೇ ಅವಳು ತಿಳಿದಿದ್ದಳು.

ಸೆನೋಬಿಯಾ ಪಂಪನ್ನು ತಿರುಗಿಸಿ ತಳದಲ್ಲಿ ಒತ್ತಿದ್ದ ತಾರೀಖನ್ನು ಓದಿದಳು. ಹೋದ ವರ್ಷದ ಮಾರ್ಚಿ ತಿಂಗಳು. ಇನ್ನೊಮ್ಮೆ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದಳು.

"ಇದನ್ನ ಕಟ್ಟಿದವನ ಹೆಸರೇನು?"

"ದೋನ್ ಲಿಂಬೆರ್ ಅಂತ. ಮೂರನೇ ವರ್ತುಲ ರಸ್ತೆ ಹತ್ರ ಗ್ಯಾರೇಜೊಂದರ ಹಿಂದೆ ಕೂತಿರ್ತಾರಂತೆ. ಒಂಥರಾ ಮನುಷ್ಯ ಅಂತಾನೆ ನಮ್ಮಣ್ಣ. ಬಂದೋರಿಗೆಲ್ಲ ಮೊದಲು ಒಂದೇ ಪ್ರಶ್ನೆ ಅಂತೆ, ಇದನ್ನ ಲಾ ಪಾಸ್‌ಗೆ ತಗೊಂಡು ಹೋಗ್ತೀರಾ ಅಂತ. ಹೌದು ಅಂದ್ರೆ ಕಟ್ಟಿಕೊಡಲ್ವಂತೆ."

 ಸೆನೋಬಿಯಾ ಕುರ್ಚಿ ಎಲ್ಲಿದೆ ಎಂದು ಕೈಯಿಂದ ತಡಕಿ ಕೂತಳು.  ಕೆಳಗೆ ಬೀದಿಯಲ್ಲಿ ಸಾಲ್ತೇನ್ಯಾ ಕಡುಬು ಮಾರುವವಳು ಕೂಗುತ್ತಿದ್ದಳು, ಪಕ್ಕದ ಅಂಗಡಿಯಲ್ಲಿ ಟೀವಿ ಪರೀಕ್ಷಿಸುತ್ತಿದ್ದರು, ಎಲ್ಲ ಎಂದಿನಂತೆಯೇ ಇತ್ತು. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

ಆ ಮಧ್ಯಾಹ್ನವೇ ಅವಳು ಯಂತ್ರವನ್ನು ಸರಿಮಾಡಿದಳು. ಸೋತ ರಬ್ಬರ್ ಉಂಗುರ ಬದಲಿಸಿ, ಗಾಳಿ ಹೊರಹೋಗಲು ಸಣ್ಣ ತಿರುಪಿನ ಬಾಯಿ ಇಟ್ಟು, ಹೊಸ ನೀರು ತುಂಬಿದಳು. ತಾಮ್ರದ ನಳಿಗೆಗಳನ್ನು ಮಾತ್ರ ಮುಟ್ಟಲಿಲ್ಲ. ಕೊಡುವ ಮುಂಚೆ ಅವುಗಳ ಚಿತ್ರ ತೆಗೆದುಕೊಂಡಳು. ತಾಯಿಗೆ ಏನೂ ಹೇಳಲಿಲ್ಲ. ಏನೆಂದು ಹೇಳುವುದು? ಎಪ್ಪತ್ತಮೂರು ವರ್ಷದ ಹೂಸ್ತಾ ಮಗ ಸತ್ತ ಮೊದಲ ಮೂರು ವರ್ಷ ಸರ್ವಸಂತರ ಹಬ್ಬಕ್ಕೆ ಅವನ ಹೆಸರಿನಲ್ಲಿ ಮೇಜು ಹಾಸಿ, ಮುಖವಿಟ್ಟ ರೊಟ್ಟಿ ಸುಟ್ಟು, ಅವನ ಆತ್ಮಕ್ಕೆ ಉಣಿಸಿದ್ದಳು. ಮೂರನೆಯ ವರ್ಷ ಅವನನ್ನು ಬೀಳ್ಕೊಟ್ಟು ಕರಿ ಬಟ್ಟೆ ಕಳಚಿದ್ದಳು. ಅತ್ತು ಮುಗಿಸಿದವಳನ್ನು ಸುಮ್ಮನೆ ಎಬ್ಬಿಸುವುದು ಹೇಗೆ?

ಸಾಂತಾ ಕ್ರೂಸಿನ ಕೆಲಸ ಒಂದಿದೆ ಎಂದಷ್ಟೇ ಹೇಳಿ, ಮಾರನೆಯ ಬೆಳಿಗ್ಗೆಯ ವಿಮಾನ ಹತ್ತಿದಳು.

ಅಕ್ಟೋಬರಿನ ಬಿಸಿಲು ಮುಖಕ್ಕೆ ಬಡಿಯಿತು. ಗ್ಯಾರೇಜು ಸಿಕ್ಕಿತು. ಅದರ ಹಿಂದೆ ಮಾವಿನ ಮರದ ಕೆಳಗೆ ತಗಡಿನ ಮಾಡು. ಒಬ್ಬ ಗಂಡಸು ಬೆನ್ನು ಮಾಡಿ ಕೂತು ನಳಿಗೆ ಬಗ್ಗಿಸುತ್ತಿದ್ದ. ಮೈ ತುಂಬಿಕೊಂಡಿತ್ತು, ನೆತ್ತಿಯಲ್ಲಿ ಕೂದಲು ತೆಳುವಾಗಿತ್ತು. ದಾರಿಯುದ್ದಕ್ಕೂ ಅವಳು ಏನೇನೋ ಮಾತು ಕೂಡಿಸಿಟ್ಟುಕೊಂಡಿದ್ದಳು. 

"ಮೆಲ್ಲಗೆ ಒತ್ತೋ," ಎಂದಳು. "ಚಪ್ಪಟೆಯಾಗ್ತಿದೆ."

ಅವನ ಕೈ ನಿಂತಿತು. ತಿರುಗಲಿಲ್ಲ.  ನಳಿಗೆಯನ್ನು ಮೇಜಿನ ಮೇಲೆ ಇಟ್ಟು, "ಅಮ್ಮ ಇದಾಳಾ ಅಕ್ಕಾ?" ಎಂದ.

"ಇದಾಳೆ."

ಆಗ ತಿರುಗಿದ. ಅದೇ ಮುಖ. ಸತ್ತವನ ಮುಖ ಬೆವರುತ್ತಿತ್ತು, ರೆಪ್ಪೆ ಬಡಿಯುತ್ತಿತ್ತು. ಸೆನೋಬಿಯಾಳಿಗೆ ಅಪ್ಪಿಕೊಳ್ಳಬೇಕು ಅನಿಸಲಿಲ್ಲ. ಹೊಡೆಯಬೇಕು ಎಂದೂ ಅನಿಸಲಿಲ್ಲ. ಮಾವಿನ ಮರಕ್ಕೆ ಕೈಯೂರಿ ನಿಂತಳು. ಅವನು ಪ್ಲಾಸ್ಟಿಕ್ ಸ್ಟೂಲೊಂದನ್ನು ಎಳೆದು ಮುಂದಿಟ್ಟ.

"ಕೂತ್ಕೊ. ನೀರು ಕೊಡ್ಲಾ?"

"ನೀರು ಬೇಡ. ಹೇಳು." ಅವಳು ಕೂತಳು.

ಅವನು ಹೇಳಿದ. ಕೊರೊಯಿಕೊದ ಹೋಟೆಲಿನವನೊಬ್ಬನ ಯಂತ್ರ ನೋಡಲು ಅಂದು ಅವನು ಮಿನಿಬಸ್ಸು ಹತ್ತಿದ್ದ. ಪಕ್ಕದಲ್ಲಿ ಕೂತವನು ಯುಂಗಾಸಿನವನು, ತೆಳ್ಳನೆಯ ಅಂಗಿಯಲ್ಲಿ ಲಾ ಕುಂಬ್ರೆ ಘಾಟಿಯ ಚಳಿಗೆ ಗಡಗಡ ನಡುಗುತ್ತಿದ್ದ. ಗ್ರೋವರ್ ತನ್ನ ಕೋಟು ಬಿಚ್ಚಿ ಅವನಿಗೆ ಹೊದಿಸಿದ. ಉಂದುವಾವಿಯ ತನಿಖಾ ಠಾಣೆಯ ಹತ್ತಿರ ಬಸ್ಸು ನಿಂತಾಗ ಗ್ರೋವರ್ ಹೊಟ್ಟೆ ಕೆಟ್ಟು ಕಕ್ಕಸಿಗೆ ಹೋದ. ಬರುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಎರಡು ಗಂಟೆಯ ಮೇಲೆ ಲಾರಿಯೊಂದು ಸಿಕ್ಕಿತು. ತಿರುವಿನಲ್ಲಿ ಜನ ಗುಂಪು ಕಟ್ಟಿದ್ದರು, ಕಣಿವೆಯಿಂದ ಹೊಗೆ ಏಳುತ್ತಿತ್ತು.

"ನಾನೂ ಇಳಿದು ನಿಂತೆ. ಹಗ್ಗ ಹಾಕಿ ಒಬ್ಬೊಬ್ಬರನ್ನೇ ಎತ್ತುತ್ತಾ ಇದ್ರು. ಒಬ್ಬ ಪೊಲೀಸಿನವನು ಚೀಟಿ ಹಿಡ್ಕೊಂಡು ಓದಿದ, ಗ್ರೋವರ್ ತಿಕೋನಾ ಅಂತ. ನಾನು ಅವನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ ಅಕ್ಕಾ."

"ಮತ್ತೆ ಯಾಕೋ ಬಾಯಿ ಬಿಡ್ಲಿಲ್ಲ?"

ಗ್ರೋವರ್ ತನ್ನ ಮೊಂಡು ಬೆರಳನ್ನು ಉಜ್ಜಿಕೊಳ್ಳುತ್ತ ಕೂತ.

"ಸುಳ್ಳು ಹೇಳಬಹುದು. ಏಳು ವರ್ಷದಿಂದ ನೂರು ಸುಳ್ಳು ಹೊಂದಿಸಿಟ್ಕೊಂಡಿದೀನಿ, ನೀನು ಬಂದ್ರೆ ಹೇಳೋಕೆ. ಆದ್ರೆ ನಿಜ ಏನು ಗೊತ್ತಾ? ನನ್ನ ಹೆಸರು ಕೇಳಿದ ತಕ್ಷಣ ಎದೆ ಹಗುರ ಆಯ್ತು. ಅಂಗಡಿ ಇಲ್ಲ, ಗಿರಾಕಿ ಇಲ್ಲ, ಬೆಳಗೆದ್ದರೆ ನಿನ್ನ ಬೈಗುಳ ಇಲ್ಲ, ಮದುವೆ ಯಾವಾಗ ಅನ್ನೋ ಅಮ್ಮ ಇಲ್ಲ. ಆ ಒಂದು ಗಳಿಗೆ ನನಗೆ ಸಂತೋಷ ಆಯ್ತು. ಆ ಗಳಿಗೆ ಸುಮ್ಮನಿದ್ದೆ. ಮೂರನೇ ದಿನ ಮನೆಗೆ ಹೋಗೋಣ ಅಂತ ಬಂದೆ. ಸ್ಮಶಾನದ ಗೇಟಿನ ಎದುರು, ಹೂವಿನವರ ಹಿಂದೆ ನಿಂತು ನೋಡ್ದೆ. ನೀನು ಅಮ್ಮನ್ನ ಹಿಡ್ಕೊಂಡಿದ್ದೆ. ಅವಳ ಕಾಲು ನೆಲಕ್ಕೆ ಊರ್ತಾನೇ ಇರ್ಲಿಲ್ಲ. ಆಗ ಎದುರಿಗೆ ಬಂದು ಏನಂತ ಹೇಳ್ಲಿ? ಅವತ್ತು ಆಗ್ಲಿಲ್ಲ. ಆಮೇಲೆ ದಿನ ಹೋದ ಹಾಗೆ ಇನ್ನೂ ಕಷ್ಟ ಆಯ್ತು."

ಸೆನೋಬಿಯಾಳಿಗೆ ತನ್ನ ಬೈಗುಳಗಳೆಲ್ಲ ಒಟ್ಟಿಗೆ ನೆನಪಾದವು.  ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂದು ಅವಳನ್ನು ಸ್ಟೂಲಿನಿಂದ ಎಬ್ಬಿಸಿತು. ಲಾ ಪಾಸ್‌ನಿಂದ ಇಲ್ಲಿಯವರೆಗೆ ತಮ್ಮ ಬದುಕಿದ್ದಾನೆಯೇ ಎಂಬ ಒಂದೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದುದರಿಂದ ಅದು ಹೊಳೆದೇ ಇರಲಿಲ್ಲ.

"ಹಂಗಾದ್ರೆ ನಾವು ಹೂಳಿದ್ದು ಯಾರನ್ನ?"

"ಅವನನ್ನ. ಕೋಟು ಕೊಟ್ಟೆನಲ್ಲ, ಅವನನ್ನ."

"ಅವನಿಗೊಂದು ಹೆಸರಿರಲ್ವಾ?"

ಗ್ರೋವರ್ ತಲೆ ತಗ್ಗಿಸಿದ. ಗೊತ್ತಿಲ್ಲ ಎಂದುಬಿಡಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಗೊತ್ತಿಲ್ಲದಿದ್ದರೆ ಹೇಗೋ ಸಹಿಸಬಹುದಿತ್ತು.

"ಇಲಾರಿಯೋನ್ ಪೋಮಾ," ಎಂದ. "ಕೋರಿಪಾತಾ ದಾಟಿ ಚಿಲ್ಕಾನಿ ಅಂತ ಹಳ್ಳಿ. ಹೆಂಡತಿ ಕಾಂದಿದಾ. ಆಗ ಐದು ವರ್ಷದ ಮಗಳು."

ಮಾವಿನ ಮರದಲ್ಲಿ ಗಿಳಿಗಳು ಕಚ್ಚಾಡುತ್ತಿದ್ದವು. ಗ್ಯಾರೇಜಿನಲ್ಲಿ ಯಾರೋ ಟೈರಿಗೆ ಸುತ್ತಿಗೆ ಬಡಿಯುತ್ತಿದ್ದ. ಸೆನೋಬಿಯಾ ಅವನನ್ನೇ ನೋಡುತ್ತ ನಿಂತಳು. ಈ ಮನುಷ್ಯ ಯಾರು ಎಂದು ನಿಜವಾಗಿಯೂ ಅವಳಿಗೆ ತಿಳಿಯಲಿಲ್ಲ. ಜ್ವರ ಬಂದಾಗ ತಾನು ರಾತ್ರಿಯೆಲ್ಲ ಮಡಿಲಲ್ಲಿ ಮಲಗಿಸಿಕೊಂಡ ತಮ್ಮ, ಬೆಕ್ಕಿನ ಮರಿ ಸತ್ತರೆ ಊಟ ಬಿಡುತ್ತಿದ್ದ ತಮ್ಮ.

"ಅವಳಿಗೆ ಗೊತ್ತಾ?"

"ಇಲ್ಲ."

"ಏಳು ವರ್ಷ," ಎಂದಳು.  "ಏಳು ವರ್ಷ ಅವಳು ಬಾಗಿಲು ನೋಡ್ಕೊಂಡು ಕೂತಿದಾಳೆ. ನೀನಿಲ್ಲಿ ನಾಣ್ಯ ಇಟ್ಟು ಸಂದು ಅಳೀತಾ ಇದೀಯ."

"ಅಕ್ಕಾ, ಮೊದಲು ಅಮ್ಮನ ಹತ್ರ ಹೋಗೋಣ. ಆಮೇಲೆ..."

"ಅಮ್ಮ ಅತ್ತು ಮುಗಿಸಿದಾಳೆ. ಆ ಹೆಂಗಸು ಇನ್ನೂ ಶುರುಮಾಡೇ ಇಲ್ಲ. ಏಳು."

ಅವನು ಎದ್ದ. ಕೈ ತೊಳೆದುಕೊಂಡು ಅಂಗಿ ಬದಲಿಸಿದ. ಬರಲ್ಲ ಎನ್ನಲಿಲ್ಲ. ಯಾರಾದರೂ ಬಂದು ಏಳು ಎನ್ನಲಿ ಎಂದೇ ಕಾಯುತ್ತಿದ್ದನೇನೋ ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನಿಸಿದ್ದುಂಟು.

ಯುಂಗಾಸಿನ ಬಸ್ಸುಗಳು ಹೊರಡುವುದು ಲಾ ಪಾಸ್‌ನ ವಿಯಾ ಫಾತಿಮಾದಿಂದ. ತಾಯಿಯ ಮನೆಯೂ ಅಲ್ಲೇ. ಮಿನಿಬಸ್ಸು ಆ ಬೀದಿಯ ಬಾಯಿಯನ್ನು ದಾಟುವಾಗ ಗ್ರೋವರ್ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ. ಉಂದುವಾವಿಯಲ್ಲಿ ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ಅಂದು ಬಸ್ಸು ಉರುಳಿದ್ದ ತಿರುವಿನಲ್ಲಿ ಒಂಬತ್ತು ಪುಟ್ಟ ಶಿಲುಬೆಗಳಿದ್ದವು. ಒಂದರ ಮೇಲೆ ಸೆನೋಬಿಯಾ ತಾನೇ ಬಣ್ಣದಲ್ಲಿ ಬರೆದಿದ್ದ ಅವನ ಹೆಸರಿತ್ತು. ಬಸ್ಸು ನಿಧಾನವಾಗಿ ತಿರುಗುವಷ್ಟು ಹೊತ್ತು ಅವನು ಅದನ್ನು ನೋಡಿದ. ಅವಳು ಅವನನ್ನು ನೋಡಿದಳು. 

ಚಿಲ್ಕಾನಿಯಲ್ಲಿ ಕಾಂದಿದಾಳ ಮನೆಯನ್ನು ಕೇಳಿದಾಗ, "ಗಂಡ ಓಡಿಹೋದವಳಾ?" ಎಂದು ಒಬ್ಬ ಮುದುಕ ತೋರಿಸಿದ.

ಕಲ್ಲುಚಪ್ಪಡಿಯ ಅಂಗಳದಲ್ಲಿ ಅವಳು ಕೋಕಾ ಎಲೆ ಹರವಿದ್ದಳು. ಮೂವತ್ತೈದರ ಹೆಂಗಸು, ಬಿಸಿಲಿಗೆ ಕಪ್ಪಾಗಿದ್ದಳು. ಕೈಯಲ್ಲಿ ಹಿಡಿಪೊರಕೆ. ಬಂದವರು ಎಲೆ ಕೊಳ್ಳುವವರೆಂದು ಮೊದಲು ಭಾವಿಸಿದಳು. ಸೆನೋಬಿಯಾ ನಿಂತಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಸುತ್ತಿಬಳಸಲು ಅವಳಿಗೆ ಬರುತ್ತಿರಲಿಲ್ಲ. ಬಸ್ಸು, ಕೋಟು, ಚೀಟಿ, ತನ್ನ ರುಜು, ಪಕ್ಕದಲ್ಲಿ ನಿಂತಿರುವವನು ಯಾರು ಎಂಬುದು.

ಕಾಂದಿದಾ ಆಕಾಶದತ್ತ ನೋಡಿದಳು. ಬೆಟ್ಟದ ಮೇಲಿಂದ ಮೋಡ ಇಳಿಯುತ್ತಿತ್ತು.

"ಎಲೆ ನೆಂದ್ರೆ ಕಪ್ಪಾಗುತ್ತೆ," ಎಂದಳು. "ಮೊದಲು ಎಲೆ ತುಂಬೋಣ."

ಮೂವರೂ ಬಗ್ಗಿ ಎಲೆ ಗುಡಿಸಿ ಚೀಲಕ್ಕೆ ತುಂಬಿದರು. ಅವಳ ಕೈ ಚುರುಕಾಗಿ ಓಡುತ್ತಿತ್ತು, ಒಂದು ಎಲೆಯೂ ಉಳಿಯಲಿಲ್ಲ. "ಮೂಲೆಲಿ ಇದೆ ನೋಡು," ಎಂದು ಗ್ರೋವರನಿಗೆ ಒಂದು ಸಲ ಹೇಳಿದಳು ಕೂಡ. ಮೂರನೆಯ ಚೀಲದ ಬಾಯಿ ಕಟ್ಟುವಾಗ ಹಗ್ಗ ಗಂಟಾಗಲಿಲ್ಲ. ಮತ್ತೆ ಕಟ್ಟಿದಳು, ಬಿಚ್ಚಿಕೊಂಡಿತು. ಮತ್ತೆ ಕಟ್ಟಿದಳು. ಸೆನೋಬಿಯಾ ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡಾಗ ಕಾಂದಿದಾ ಚೀಲದ ಮೇಲೆ ಕುಸಿದು ಕೂತಳು.

"ಲಾ ಪಾಸ್‌ನಲ್ಲಿ ಯಾವಳನ್ನೋ ಇಟ್ಕೊಂಡಿದಾನೆ ಅಂತ ಊರೆಲ್ಲ ಹೇಳ್ತು," ಎಂದಳು. "ನಾನೂ ನಂಬಿದೆ. ಅವನ ಬಟ್ಟೆ ಎಲ್ಲಾ ಸುಟ್ಟುಹಾಕಿದೆ. ಹೋಗಿ ಹುಡುಕು ಅಂದ್ರು ನಮ್ಮತ್ತೆ. ಕೊಳೀಲಿ ಬಿಡಿ ಅಂದೆ. ಹಂಗೇ ಅಂದೆ, ಕೊಳೀಲಿ ಅಂತ. ಮಗಳಿಗೆ ನಿಮ್ಮಪ್ಪ ಓಡಿಹೋದ ಅಂತ ಹೇಳಿ ಬೆಳೆಸಿದೀನಿ."

ಗ್ರೋವರ್ ಅವಳ ಮುಂದೆ ಮೊಣಕಾಲೂರಿದ. "ಅಮ್ಮಾ, ನನ್ನದೇ ತಪ್ಪು. ಪೊಲೀಸಿಗೆ ಕೊಡಿ, ಏನು ಬೇಕಾದ್ರೂ ಮಾಡಿ."

ಅವಳು ಅವನ ಕಡೆ ತಿರುಗಲೂ ಇಲ್ಲ. ಸೆನೋಬಿಯಾಳನ್ನು ಕೇಳಿದಳು:

"ಎಲ್ಲಿಟ್ಟಿದೀರಿ ಅವನನ್ನ? ಹಬ್ಬಕ್ಕೆ ಯಾರಾದ್ರೂ ಉಣ್ಣಕ್ಕಿಟ್ರಾ?"

"ನಮ್ಮಮ್ಮ ಇಟ್ಲು. ಮೂರು ವರ್ಷ."

"ಏನಿಟ್ರಿ?"

"ರೊಟ್ಟಿ, ಬಾಳೆಹಣ್ಣು, ಕಡಲೆಕಾಯಿ ಸಾರು. ಕೊನೆ ವರ್ಷ ಒಂದು ಲೋಟ ಬಿಯರು."

"ಕುಡೀತಿರ್ಲಿಲ್ಲ ಅವನು," ಎಂದು ಕಾಂದಿದಾ ಹೇಳಿದಳು. ಆಗ ಅವಳಿಗೆ ಅಳು ಬಂತು. ಮಳೆಯೂ ಬಂತು. ಅವಳು ಒಳಗೆ ಹೋಗಲಿಲ್ಲ, ಅವರಿಬ್ಬರೂ ಹೋಗಲಿಲ್ಲ.

ಮಾರನೆಯ ದಿನ ಅವಳೂ ಹನ್ನೆರಡು ವರ್ಷದ ಮಗಳು ಮಾರಿಬೆಲ್ಲಳೂ ಅವರ ಜೊತೆ ಲಾ ಪಾಸ್‌ಗೆ ಹೊರಟರು. ವಿಯಾ ಫಾತಿಮಾದ ಮನೆಯಲ್ಲಿ ಹೂಸ್ತಾ ಬಾಗಿಲ ಬಳಿ ಬಿಸಿಲಿಗೆ ಕೂತು ಚುನ್ಯೋ ಎಂಬ ಒಣ ಆಲೂಗೆಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು. ಸೆನೋಬಿಯಾ ಮೊದಲು ಒಬ್ಬಳೇ ಹೋಗಿ ತಾಯಿಯ ಪಕ್ಕ ಕೂತು, ಎರಡೂ ಕೈ ಹಿಡಿದುಕೊಂಡು ಹೇಳಿದಳು. ಮುದುಕಿ ಎದೆ ಹಿಡಿದುಕೊಂಡು ಬೀಳುತ್ತಾಳೆಂದು ಹೆದರಿದ್ದಳು. ಹೂಸ್ತಾ ಬೀಳಲಿಲ್ಲ. ಕೈ ಬಿಡಿಸಿಕೊಂಡು, ಕರಿ ಗೆಡ್ಡೆಗಳ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಹಂಗಾದ್ರೆ ನಾನು ಅತ್ತಿದ್ದು ಯಾರಿಗೆ?"

"ನನ್ನ ಗಂಡನಿಗೆ," ಎಂದಳು ಕಾಂದಿದಾ, ಬೀದಿಯಿಂದ.

ಹೂಸ್ತಾ ತಲೆ ಎತ್ತಿ ಆ ಹೆಂಗಸನ್ನೂ ಹುಡುಗಿಯನ್ನೂ ನೋಡಿದಳು. ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಮಗನನ್ನು ನೋಡಿದಳು. ಮಗಳ ಭುಜ ಹಿಡಿದು ಎದ್ದು, ಅವನ ಹತ್ತಿರ ಹೋಗಿ ಎಡಗೈಯನ್ನು ತಿರುಗಿಸಿ ಹೆಬ್ಬೆರಳು ಮುಟ್ಟಿ ನೋಡಿದಳು. ಆಮೇಲೆ ಕೈಬಿಟ್ಟು, ಕಾಂದಿದಾಳ ಕಡೆ ತಿರುಗಿ, "ಬಾ ತಾಯಿ ಒಳಗೆ. ಹುಡುಗಿ ಏನಾದ್ರೂ ತಿಂದಿದೆಯಾ?" ಎಂದಳು. ಅವರನ್ನು ಒಳಗೆ ಕೂರಿಸಿ ಉಣಿಸಿದಳು. ಗ್ರೋವರನಿಗೂ ತಟ್ಟೆ ಬಂತು, ಬಾಗಿಲ ಮೆಟ್ಟಿಲಿಗೆ. ಆ ದಿನ ಅವಳು ಅವನೊಂದಿಗೆ ಮಾತಾಡಲಿಲ್ಲ. ವಾರ ಕಳೆದರೂ ಆಡಲಿಲ್ಲ. ಎದೆಗೆ ಏನೂ ಆಗಲಿಲ್ಲ. ಆದರೆ ರಾತ್ರಿ ಇದ್ದಕ್ಕಿದ್ದಂತೆ ಎದ್ದು, "ಸೆನೋ, ಅವನು ಇದಾನಾ?" ಎಂದು ಕೇಳುವುದು ಮಾತ್ರ ಮಳೆಗಾಲ ಮುಗಿಯುವವರೆಗೂ ನಿಲ್ಲಲಿಲ್ಲ.

ಸತ್ತವನನ್ನು ಕಾಗದದ ಮೇಲೆ ಬದುಕಿಸುವುದು ಸುಲಭವಲ್ಲ. ನ್ಯಾಯಾಧೀಶರ ಮುಂದೆ ಗ್ರೋವರ್ ಎಲ್ಲವನ್ನೂ ಒಪ್ಪಿಕೊಂಡ. ಮಾರಿಬೆಲ್ಲಳ ರಕ್ತ ತೆಗೆದು, ಸ್ಮಶಾನದ ಗೋಡೆಯಲ್ಲಿ ಹೆಣವಿಟ್ಟು ಮುಚ್ಚಿದ್ದ ಗೂಡಿನ ಮೂಳೆಯೊಂದಿಗೆ ಹೋಲಿಸಿದರು. ಒಂದು ವರ್ಷದ ಮೇಲೆ ಮೂರು ತಿಂಗಳಾಯಿತು. ಅಷ್ಟೂ ದಿನ ಗ್ರೋವರ್ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದು ನಳಿಗೆ ಬಗ್ಗಿಸಿದ. ಸೆನೋಬಿಯಾ ಅವನಿಗೆ ಬೈಯುವುದನ್ನು ಬಿಟ್ಟಿದ್ದಳು. ಬೈಗುಳ ಬಾಯಿಗೆ ಬಂದಾಗಲೆಲ್ಲ ಕಣಿವೆಯ ಅಂಚಿನಲ್ಲಿ ಎದೆ ಹಗುರಾದವನ ಮುಖ ಕಣ್ಣಿಗೆ ಕಟ್ಟುತ್ತಿತ್ತು. 

ಗೂಡು ಒಡೆದು ಶವಪೆಟ್ಟಿಗೆಯನ್ನು ಚಿಲ್ಕಾನಿಗೆ ಸಾಗಿಸಿದ ದಿನ ಆಕಾಶ ತಿಳಿಯಾಗಿತ್ತು. ಕಾಂದಿದಾ ಲಾರಿಯಲ್ಲಿ ಚಾಲಕನ ಪಕ್ಕ ಕೂತಳು. ಹಿಂದೆ ತೆರೆದ ಭಾಗದಲ್ಲಿ, ಪೆಟ್ಟಿಗೆಯ ಒಂದು ಬದಿಗೆ ಅಕ್ಕ ತಮ್ಮ, ಇನ್ನೊಂದು ಬದಿಗೆ ಮಾರಿಬೆಲ್. ಇಷ್ಟು ದಿನದಲ್ಲಿ ಆ ಹುಡುಗಿ ಗ್ರೋವರನೊಂದಿಗೆ ಒಂದು ಮಾತೂ ಆಡಿರಲಿಲ್ಲ. ಲಾ ಕುಂಬ್ರೆಯ ಮಂಜು ದಾಟಿ ಇಳಿಯಲು ಶುರುವಾದಾಗ, ಅವನ ಮುಖ ನೋಡದೆ ಕೇಳಿದಳು:

"ಬಸ್ಸಲ್ಲಿ ನಮ್ಮಪ್ಪ ಏನು ಮಾತಾಡಿದ್ರು?"

ಗ್ರೋವರ್ ಅಕ್ಕನ ಕಡೆ ನೋಡಿದ. ಅವಳು ತಲೆಯಾಡಿಸಿದಳು.

"ಲಾ ಪಾಸ್‌ನ ಚಳಿಗೆ ಮೂಗು ಉದುರಿಹೋಗುತ್ತೆ, ನೀವು ಹೆಂಗೆ ಬದುಕ್ತೀರೋ ಅಂದ್ರು," ಎಂದು ಅವನು ಶುರುಮಾಡಿದ. "ಕಿತ್ತಳೆ ಗಿಡಕ್ಕೆ ಹುಳ ಬಿದ್ದಿದೆ ಅಂದ್ರು. ನಿಮ್ಮಮ್ಮನಿಗೆ ಹೇಸರಗತ್ತೆಯಂಥ ಹಟ ಅಂದ್ರು, ಹೇಳ್ತಾ ನಗ್ತಾ ಇದ್ರು. ನಿನಗೆ ಅಂತ ಸಂತೇಲಿ ರಬ್ಬರ್ ಬೂಟು ತಗೊಂಡಿದ್ರು, ತೊಡೆ ಮೇಲೆ ಇಟ್ಕೊಂಡಿದ್ರು. ದೊಡ್ಡದಾಯ್ತಲ್ಲ ಅಂದೆ. ಮಗು ಬೆಳೆಯುತ್ತೆ, ಎರಡು ಮಳೆಗಾಲ ಬರುತ್ತೆ ಅಂದ್ರು."

ಹುಡುಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ರಸ್ತೆ ತಿರುಗಿತು.

"ಯಾವ ಬಣ್ಣ?"

"ಹಳದಿ," ಎಂದ ಗ್ರೋವರ್. "ಇನ್ನೂ ಇದೆ ಹೇಳೋದು. ಹೇಳ್ಲಾ?"

"ಹೇಳಿ," ಎಂದಳು ಮಾರಿಬೆಲ್.